ಪರೀಕ್ಷೆಯ ಮನೆಯೂ ಕೊಲಂಬಿಯಾದ ಅಜ್ಜಿಯೂ

ನಮ್ಮ ಪಕ್ಕದ ಮನೆಯ ಅಜ್ಜಿಗೆ ಒಬ್ಬರೇ ಕೂತು ಕೆಮ್ಮಲೂ ಬರುವುದಿಲ್ಲ! ಉತ್ಪ್ರೇಕ್ಷೆ ಅನ್ನುತ್ತೀರಾ? ಕೊಲಂಬಿಯಾದಿಂದ ಇಂಗ್ಲೆಂಡಿನ ಶೆಫೀಲ್ಡಿಗೆ ಬಂದ ಈ ಮಹಾತಾಯಿ ಮೊಣಕಾಲು ನೋವೆಂದು ಡಾಕ್ಟರ ಹತ್ತಿರ ಹೋದಾಗ ಮಗ, ಸೊಸೆ, ತಂಗಿ, ಮೊಮ್ಮಗಳು ಎಲ್ಲರೂ ಜೊತೆಗಿದ್ದರು. ನೋವಿದ್ದದ್ದು ಒಂದು ಮೊಣಕಾಲಿಗೆ, ಹೋದದ್ದು ಹತ್ತು! ಸೊಸೆ ಹೋಗಿರಲಿಲ್ಲ ಎಂದು ನನ್ನ ಮಗಳು ತಿದ್ದುತ್ತಾಳೆ. ಇರಬಹುದು. ನನ್ನ ನೆನಪಿಗೂ ಆ ಅಜ್ಜಿಯ ಹಾಗೇ ಜನ ಸೇರಿಸುವ ಚಟ.

ಅವರ ಮೊಮ್ಮಗಳು, ನನ್ನ ಮಗಳು ಒಂದೇ ತರಗತಿ. ಆ ವರ್ಷ ಇಬ್ಬರಿಗೂ ಜಿಸಿಎಸ್‌ಇ, ಅಂದರೆ ಇಲ್ಲಿನ ಎಸ್ಸೆಸ್ಸೆಲ್ಸಿ. ನಮ್ಮವರ ಮನೆಯಲ್ಲಿ ಪರೀಕ್ಷೆ ಅಂದರೆ ಗೊತ್ತಲ್ಲ? ಟೀವಿ ಬಂದ್, ನೆಂಟರು ಬಂದ್, ಮಿಕ್ಸಿ ಬಂದ್. ಕುಕ್ಕರ್ ಕೂಗೀತೆಂದು ನನ್ನ ಹೆಂಡತಿ ಬೇಳೆಯನ್ನು ಪಾತ್ರೆಯಲ್ಲೇ ಬೇಯಿಸುತ್ತಿದ್ದಳು. ನಾನೂ ಹಾಗೇ ಓದಿದವನು, ಅದರಿಂದಲೇ ಪಾಸಾದೆ ಎಂದು ನಂಬಿದವನು. ಮಗಳು ಮಾತ್ರ ಆ ನಿಶ್ಶಬ್ದದಲ್ಲಿ ಪುಸ್ತಕ ತೆರೆದರೆ ಬೆವರಿ ನಡುಗುತ್ತಿದ್ದಳು. ಕೊನೆಗೆ "ನಾನು ಪರೀಕ್ಷೆಗೇ ಹೋಗಲ್ಲ" ಅಂದುಬಿಟ್ಟಳು.

ಅವತ್ತೇ ಅಜ್ಜಿ ಕರಿದ ಬಾಳೆಹಣ್ಣಿನ ತಟ್ಟೆ ಹಿಡಿದು ಬಂದರು. ಬಾಗಿಲಲ್ಲೇ ನಿಂತು ಪಿಸುಗುಟ್ಟಿದರು: "ಯಾರು ತೀರಿಕೊಂಡರು?"

"ಯಾರೂ ಇಲ್ಲ. ಮಗಳು ಓದ್ತಿದ್ದಾಳೆ."

"ಒಬ್ಬಳೇನಾ? ಅಯ್ಯೋ, ಏನು ತಪ್ಪು ಮಾಡಿದಳು?"

ನಾನು ಬಾಯಿ ತೆರೆಯುವಷ್ಟರಲ್ಲಿ ಮಗಳು ಅಜ್ಜಿಯ ಕೈ ಹಿಡಿದು ಪಕ್ಕದ ಮನೆಯ ಅಡುಗೆಮನೆ ಸೇರಿದ್ದಳು. ಅಲ್ಲಿ ರೇಡಿಯೋ ಕಿರುಚುತ್ತಿತ್ತು, ಅಜ್ಜಿಯ ತಂಗಿ ಫೋನಿನಲ್ಲಿ ಜಗಳವಾಡುತ್ತಿದ್ದರು, ಅದೇ ಮೇಜಿನ ಮೇಲೆ ಮೊಮ್ಮಗಳು ಬೀಜಗಣಿತ ಮಾಡುತ್ತಿದ್ದಳು. ಅಜ್ಜಿಗೆ ಗಣಿತದ ಗಂಧವೂ ಇಲ್ಲ. ಆದರೂ ಒಂದೊಂದು ಲೆಕ್ಕ ಮುಗಿದಾಗಲೂ ಸೌಟು ಎತ್ತಿ "ಭೇಷ್!" ಅನ್ನುವವರೇ.

"ಅಜ್ಜೀ, ಉತ್ತರ ತಪ್ಪು," ಅಂದಳು ಮೊಮ್ಮಗಳು.

"ತಪ್ಪನ್ನೂ ಎಷ್ಟು ದುಂಡಗೆ ಬರೆದಿದ್ದೀಯಲ್ಲೇ!"

ನನ್ನ ಮಗಳು ನಕ್ಕಳು. ಗೋಡೆಯ ಈಚೆ ನಾನೂ ಹೆಂಡತಿಯೂ ಆ ನಗು ಕೇಳಿಸಿಕೊಂಡೆವು. ಅಂದಿನಿಂದ ಅವಳ ಓದೆಲ್ಲ ಅಲ್ಲೇ.

ಗಣಿತ ಪರೀಕ್ಷೆಯ ಬೆಳಿಗ್ಗೆ ಮಗಳು ಮತ್ತೆ "ಹೋಗಲ್ಲ" ಅಂದಳು. ಅವಳನ್ನು ಕರೆದುಕೊಂಡು ಪಕ್ಕದ ಮನೆಗೆ ಹೋದೆ. ಆ ಮನೆಯ ಮಕ್ಕಳು ಹಿರಿಯರ ಆಶೀರ್ವಾದ ಕೇಳದೆ ಹೊಸಿಲು ದಾಟುವುದಿಲ್ಲ. ಮೊಮ್ಮಗಳ ಸರದಿ ಮುಗಿದ ಮೇಲೆ ನನ್ನ ಮಗಳೂ ಅಜ್ಜಿಯ ಮುಂದೆ ತಲೆ ಬಾಗಿಸಿದಳು. ಅಜ್ಜಿ ಎತ್ತಿದ ಕೈ ಇಳಿಸಿ, ಅವಳನ್ನು ನನ್ನ ಕಡೆ ತಿರುಗಿಸಿದರು.

"ಮೊದಲು ನೀನು, ಮಿಹೋ." ಮಿಹೋ ಅಂದರೆ ಅವರ ಭಾಷೆಯಲ್ಲಿ ಮಗನೇ ಅಂತ.

ಮಗಳ ತಲೆಯ ಮೇಲೆ ಕೈಯಿಟ್ಟು ನಾನು ಏನಂದೆನೋ ನೆನಪಿಲ್ಲ. ಒಳ್ಳೆಯ ಮಾತೊಂದನ್ನು ಈಗ ಬರೆದು ಸೇರಿಸಿದರೆ ನಂಬಬೇಡಿ. ಅವಳ ನೆತ್ತಿ ಬೆಚ್ಚಗಿತ್ತು, ಅಷ್ಟು ನಿಜ. ಕೈ ತೆಗೆಯುವುದೇ ಮರೆತು ನಿಂತಿದ್ದೆ.

"ಅಪ್ಪಾ, ಬಿಡು," ಅಂದಳು ಮಗಳು. "ಬಸ್ ಬಂತು."