ಮೇನ್ ಸ್ವಿಚ್ಚೂ ನಿಂಬೆಹಣ್ಣೂ

ಕೆಟ್ಟ ಚಟಗಳಿಂದ ಹಾಳಾದವರ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಒಳ್ಳೆಯ ಅಭ್ಯಾಸದಿಂದ ಹಾಳಾಗುವವರನ್ನು ಕೇಳುವವರೇ ಇಲ್ಲ. ನಾನು ಆ ಎರಡನೆಯ ಪಂಗಡದವನು. ಸಿರುಗುಪ್ಪದ ನಮ್ಮ ಮನೆಗೆ ಕರೆಂಟು ಬಂದ ಹೊಸದರಲ್ಲಿ ನಮ್ಮ ತಾತ, ಅದು ತಂತಿಯಿಂದ ಸೋರಿಹೋಗುತ್ತದೆಂದು ನಂಬಿ, ಮನೆ ಬಿಡುವಾಗಲೆಲ್ಲ ಮೇನ್ ಸ್ವಿಚ್ ಇಳಿಸುತ್ತಿದ್ದ. "ಲೇ, ಹೊರಗ ಹೋಗಾಕ ಮುಂಚೆ ಮೇನು ಇಳಸು. ಮನಿನೂ ನಿಶ್ಚಿಂತಿ, ಮನಸೂ ನಿಶ್ಚಿಂತಿ" ಎನ್ನುತ್ತಿದ್ದ. ತಾತ ಹೋದ, ಅಭ್ಯಾಸ ನನ್ನ ಕೈಗೆ ಬಂತು.

ಎಂಬತ್ತರ ದಶಕದ ಕೊನೆಗೆ ಬಳ್ಳಾರಿಯ ನಮ್ಮ ಬಿತ್ತನೆ ಬೀಜದ ಕಚೇರಿಗೆ ಕಂಪ್ಯೂಟರ್ ಬಂತು, ಅದನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಅದನ್ನು ನಡೆಸಲು ಒಳಗೆ ಯುನಿಕ್ಸ್ ಎಂಬುದು ಕೂತಿದೆ ಎಂದರು. ಕೂತಿದ್ದು ನಿಜವಿರಬೇಕು, ಏಕೆಂದರೆ ಅದು ಏಳುತ್ತಲೇ ಇರಲಿಲ್ಲ. ಕಚೇರಿಯ ಬೀಗದ ಕೈ ಸಾಹೇಬರ ಬಳಿ. ಅವರ ಪೂಜೆ ಮುಗಿದು ಬಾಗಿಲು ತೆರೆಯುವುದು ಹತ್ತಕ್ಕೆ. ರಾರಾವಿ, ದೇಶನೂರಿನ ರೈತರು ಯಂತ್ರ ಅಚ್ಚುಹಾಕಿ ಕೊಡುವ ಬೀಜದ ಚೀಟಿ ಹಿಡಿದು ಹತ್ತೂವರೆಯ ಬಸ್ಸಿಗೆ ಹೊರಡಬೇಕು. ಯಂತ್ರ ಎಚ್ಚರಾಗಲು ಮುಕ್ಕಾಲು ಗಂಟೆ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದನೇ ಹಂತ, ಎರಡನೇ ಹಂತ ಎಂದು ಐದು ಹಂತಗಳು, ಮದುವೆ ಶಾಸ್ತ್ರಗಳ ಹಾಗೆ ಒಂದೂ ಬಿಡದೆ ನಡೆಯುತ್ತಿದ್ದವು. ಎಷ್ಟು ಶಿಸ್ತಿನ ಪ್ರಾಣಿ ಎಂದು ನನಗೆ ಗೌರವವೇ ಮೂಡಿತ್ತು.

ರೈತರಿಗೆ ಮೂಡಲಿಲ್ಲ. ರಾರಾವಿಯ ಹಂಪಯ್ಯ ಕಿಟಕಿಯಲ್ಲಿ ತಲೆ ತೂರಿಸಿ, "ಏನ್ರೀ, ನಿಮ್ಮ ಪೆಟ್ಟಿಗಿ ಇನ್ನಾ ಮಕ ತೊಳ್ಕೊಂಡಿಲ್ಲೇನ್ರಿ? ನಮ್ಮ ಮುದಿ ಎಮ್ಮಿನೂ ಇದಕ್ಕಿಂತ ಲಗೂ ಏಳತೈತಿ" ಎಂದ. ಬಸ್ ತಪ್ಪಿದವರೆಲ್ಲ ಸಾಹೇಬರ ಕೋಣೆಗೆ ನುಗ್ಗಿದರು. ಸಾಹೇಬರು ನನ್ನನ್ನು ಕರೆದು, "ಒಂದು ವಾರ ನೋಡ್ತೀನಿ. ಆಮ್ಯಾಲ ನೀವು ಕುರುಗೋಡು ಗೋದಾಮಿನ್ಯಾಗ ಚೀಲ ಎಣಸ್ರಿ" ಎಂದರು. ಮನೆಯಲ್ಲಿ ಹೇಳಿದರೆ ನನ್ನಾಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲೂ ಇಲ್ಲ. "ಗೋದಾಮಿನ ಇಲಿ ಕೂಡ ನೀವಾ ಸಂಸಾರ ಮಾಡ್ರಿ. ನಾ ಬರಂಗಿಲ್ಲ."

ಯಂತ್ರದ ಧೂಳು ಒರೆಸಿದೆ. ಫ್ಯಾನನ್ನು ಅದರ ಕಡೆ ತಿರುಗಿಸಿ ನಾನು ಬೆವೆತೆ. ಚಪ್ಪಲಿ ಹೊರಗೆ ಬಿಟ್ಟೆ. ಸಂಜೆ ಎಲ್ಲರೂ ಹೋದ ಮೇಲೂ ನಿಂತು ಅದಕ್ಕೆ ಹೊದಿಕೆ ಹೊದಿಸಿ, ಮೇನ್ ಇಳಿಸಿ, ಬಾಗಿಲ ಬೀಗ ಒತ್ತಿಯೇ ಮನೆಗೆ ಹೋಗುತ್ತಿದ್ದೆ. ಇಷ್ಟು ಸೇವೆ ಮಾಡಿದರೂ ಒಲಿಯದ ಇದೆಂಥ ದೇವರು ಎಂದು ಒಂದೂ ತಿಳಿಯದಾಯಿತು.

ಗುರುವಾರ ಬೆಂಗಳೂರಿನಿಂದ ಇಂಜಿನಿಯರ್ ಬಂದ. ದಿನವಿಡೀ ಬಿಚ್ಚಿ ಜೋಡಿಸಿದರೂ ದೋಷ ಸಿಗಲಿಲ್ಲ. ಸಂಜೆ ಅವನು ರೈಲಿಗೆ ಹೊರಟ. ನಾನು ಎಂದಿನಂತೆ ಮೇನ್‌ಗೆ ಕೈ ಹಾಕಿ ಇಳಿಸಿದ್ದೇ ತಡ, "ಅಯ್ಯೋ! ದಿನಾ ಹೀಗೇ ಮಾಡ್ತೀರಾ?" ಎಂದು ಚೀರಿದ.

"ದಿನಾ ರೀ. ಒಂದು ದಿನಾನೂ ತಪ್ಪಿಸಿಲ್ಲ" ಎಂದೆ, ಹೆಮ್ಮೆಯಿಂದ.

"ಇದು ಫ್ಯಾನ್ ಅಲ್ಲ ಸ್ವಾಮಿ! ಹೇಳದೆ ಕೇಳದೆ ಕರೆಂಟ್ ಕಿತ್ತರೆ, ಬೆಳಿಗ್ಗೆ ತನ್ನೊಳಗೆ ಏನೇನು ಕೆಟ್ಟಿದೆ ಅಂತ ಮೂಲೆಮೂಲೆ ಹುಡುಕಿ ನೋಡುತ್ತೆ. ಅದಕ್ಕೇ ಮುಕ್ಕಾಲು ಗಂಟೆ." ಯಂತ್ರವನ್ನು ಮಲಗಿಸುವ ಆಜ್ಞೆಯನ್ನು ಚೀಟಿಯಲ್ಲಿ ಬರೆದುಕೊಟ್ಟು, ಮೇನ್ ಏರಿಸಿ, ಅದು ಎದ್ದ ಮೇಲೆ ನನ್ನ ಕೈಯಿಂದಲೇ ಮಲಗಿಸಿದ. ಸಾಹೇಬರಿಗೆ ಹೇಳಬೇಡಿರೆಂದು ಕೈಮುಗಿದೆ. ನಕ್ಕು ರೈಲಿಗೆ ಓಡಿದ.

ಶುಕ್ರವಾರ ಬೆಳಿಗ್ಗೆ ಸಾಹೇಬರು, "ಇದಕ್ಕ ದೃಷ್ಟಿ ಆಗೈತಿ" ಎಂದು ನಿಂಬೆಹಣ್ಣು, ಮೆಣಸಿನಕಾಯಿ ತಂದು ಯಂತ್ರಕ್ಕೆ ಕಟ್ಟಿದರು. ಎರಡೇ ನಿಮಿಷಕ್ಕೆ ಅದು ಎದ್ದು ಕೂತಿತು. ಹಂಪಯ್ಯ ಚೀಟಿಯನ್ನು ಕಣ್ಣಿಗೊತ್ತಿಕೊಂಡು, "ಹಣ್ಣು ಭಾಳ ಪವರ್ ಐತ್ರಿ ಸಾಹೇಬ್ರ" ಎಂದ. ನಾನು ಬಾಯಿ ತೆರೆದೆ. ಕುರುಗೋಡು ನೆನಪಾಗಿ ಮುಚ್ಚಿಕೊಂಡೆ. ಪ್ರತಿ ಶುಕ್ರವಾರ ಹಣ್ಣು ಬದಲಿಸುವ ಹೊಣೆ ನನಗೇ ಬಂತು.

ಒಂದು ಶುಕ್ರವಾರ ಹಳೆಯ ಹಣ್ಣು ಬಿಚ್ಚಿದ ಮೇಲೆ ನೋಡುತ್ತೇನೆ, ಹೊಸದನ್ನು ತರುವುದನ್ನೇ ಮರೆತಿದ್ದೆ. ಯಂತ್ರ ಆಗಲೇ ಎರಡು ನಿಮಿಷಕ್ಕೆ ಎದ್ದು ಕಣ್ಣು ಪಿಳುಕಿಸುತ್ತಿತ್ತು. ಸಾಹೇಬರು ಇನ್ನೂ ವರಾಂಡದಲ್ಲಿ ಮಾತಾಡುತ್ತಿದ್ದರು. ಅವರು ಒಳಗೆ ಬರುವಷ್ಟರಲ್ಲಿ ತಂದು ಕಟ್ಟಬೇಕೆಂದು, ಚಪ್ಪಲಿಯನ್ನೂ ಮೆಟ್ಟದೆ ಬ್ರೂಸ್‌ಪೇಟೆಗೆ ಓಡಿದೆ.