ನಲವತ್ತಮೂರನೇ ಪುಟದಲ್ಲಿ ಒಳಗೆ ಹೋದವರನ್ನು ಹೊರಗೆ ಕರೆಯುವ ಬಗ್ಗೆ

ಇಂದ,
ಕರಡಚ್ಚು ತಿದ್ದುವವಳು,
(ಹತ್ತೊಂಬತ್ತು ವರ್ಷದ ಸೇವೆ, ಕಿಟಕಿಯಿಲ್ಲದ ಬದಿಯ ಮೇಜು)

ಗೆ,
ಮಾನ್ಯ ವ್ಯವಸ್ಥಾಪಕರು,
ಹಳೆಯ ಕಾದಂಬರಿಗಳ ಮರುಮುದ್ರಣ ವಿಭಾಗ

ವಿಷಯ: ನಾಯಕನ ಹೆಂಡತಿ ಪುಟ ೪೩ರಲ್ಲಿ ಒಳಗೆ ಹೋದವರು ಪುಟ ೩೫೬ರವರೆಗೂ ಹೊರಗೆ ಬಾರದಿರುವ ಬಗ್ಗೆ, ತತ್ಪರಿಣಾಮವಾಗಿ ಅರ್ಜಿದಾರಳ ಅತ್ತೆ ಒಳಗೆ ಹೋಗದಿರುವ ಬಗ್ಗೆ.

ಉಲ್ಲೇಖ: (೧) ಕರಡಿನ ಅಂಚಿನಲ್ಲಿ ಅರ್ಜಿದಾರಳು ಬರೆದ ಪ್ರಶ್ನೆ: "ಇವರು ಎಲ್ಲಿ?"
(೨) ಅದರ ಕೆಳಗೆ ತಾವು ಕೆಂಪು ಶಾಯಿಯಲ್ಲಿ ಬರೆದ ಉತ್ತರ: "ಮೂಲದಲ್ಲಿದ್ದಂತೆ ಇರಲಿ. ಆ ಕಾಲ ಹಾಗಿತ್ತು."

ಮಾನ್ಯರೇ,

೧. ಕರಡು ತಿದ್ದಲು ಇಬ್ಬರು ಬೇಕೆಂಬುದು ತಮಗೆ ತಿಳಿದ ವಿಷಯ. ಒಬ್ಬರು ಮೂಲವನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕರಡಿನಲ್ಲಿ ತಪ್ಪು ಗುರುತಿಸಬೇಕು. ಓದುವವರ ಹುದ್ದೆ ಎರಡು ವರ್ಷದಿಂದ ಖಾಲಿ ಇರುವ ಕಾರಣ ಅರ್ಜಿದಾರಳು ಹಾಳೆಗಳನ್ನು ಮನೆಗೊಯ್ದು ಅತ್ತೆಯವರಿಂದ ಓದಿಸುತ್ತಿದ್ದಾಳೆ. ಅವರು ಅಡುಗೆಮನೆಯ ಹೊಸ್ತಿಲಲ್ಲಿ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟುಕೊಂಡು, ಒಲೆಯ ಮೇಲೊಂದು ಕಣ್ಣಿಟ್ಟು ಓದುತ್ತಾರೆ. ಇದುವರೆಗೆ ಒಂದು ಅಲ್ಪವಿರಾಮವನ್ನೂ ಬಿಟ್ಟವರಲ್ಲ.

೨. ಸದರಿ ಕಾದಂಬರಿಯಲ್ಲಿ ನಾಯಕ ಮತ್ತು ಆತನ ಮೂವರು ಸ್ನೇಹಿತರು ನಡುಮನೆಯಲ್ಲಿ ಕೂತು ಸ್ತ್ರೀಯರ ಏಳಿಗೆಯ ಬಗ್ಗೆ ಹದಿನೇಳು ಪುಟ ಚರ್ಚಿಸುತ್ತಾರೆ. ಆಗ ಹೆಂಡತಿ "ಕಾಫಿ ಇಟ್ಟು, ಮುಗುಳ್ನಕ್ಕು, ಒಳಗೆ ಹೋದಳು." ಅಷ್ಟೇ. ಹೋದ ಪುಟ್ಟ ಬಂದ ಪುಟ್ಟ ಎಂಬ ಮಾತುಂಟು. ಇಲ್ಲಿ ಹೋದ ಪುಟ್ಟಿ ಬರಲೇ ಇಲ್ಲ. ಸದರಿಯವರ ಕಣ್ಣಿನ ವರ್ಣನೆಗೆ ಹನ್ನೊಂದು ಸಾಲು ಮೀಸಲಿದೆ. ಹೆಸರಿಗೆ ಅರ್ಧ ಸಾಲೂ ಇಲ್ಲ.

೩. ಆದರೂ ಒಳಗೆ ಯಾರೋ ಇದ್ದಾರೆ ಎಂಬುದಕ್ಕೆ ಪುರಾವೆಗಳಿವೆ. ಪುಟ ೬೦ರಲ್ಲಿ "ಊಟ ಬಂತು." ಪುಟ ೨೧೦ರಲ್ಲಿ ನಾಯಕ ಪ್ರಯಾಣ ಹೊರಟಾಗ "ಪೆಟ್ಟಿಗೆ ಸಿದ್ಧವಾಗಿತ್ತು." ನಡುವೆ, ಪುಟ ೧೨೮ರಲ್ಲಿ, "ನಾಯಕನಿಗೆ ಗಂಡುಮಗುವಾಯಿತು." ಇದನ್ನು ಓದಿದ ಅತ್ತೆಯವರು ಕನ್ನಡಕ ತೆಗೆದು, "ಪಾಪ, ತುಂಬಾ ನೋವಾಯ್ತೇನೋ ಅವನಿಗೆ" ಎಂದರು.

೪. ಅಂದಿನಿಂದ ಪ್ರತಿ ಸಂಜೆ ಅವರದು ಒಂದೇ ಪ್ರಶ್ನೆ: "ಬಂದಳೇನಮ್ಮ ಅವಳು?"

"ಇಲ್ಲ ಅತ್ತೆ."

"ಮುಂದಿನ ಪುಟ ನೋಡು. ಬರಬಹುದು."

ಹತ್ತೊಂಬತ್ತು ವರ್ಷಗಳಲ್ಲಿ ಅರ್ಜಿದಾರಳ ಕೈಕೆಳಗೆ ಎಷ್ಟೋ ನಾಯಕಿಯರು ಬಾವಿಗೆ ಹಾರಿದ್ದಾರೆ, ಕೆಮ್ಮಿ ಕೆಮ್ಮಿ ಸತ್ತಿದ್ದಾರೆ, ತ್ಯಾಗ ಮಾಡಿ ಗೋಡೆಯ ಪಟವಾಗಿದ್ದಾರೆ. ಅಲ್ಲೆಲ್ಲ ಆಕೆ ಪೂರ್ಣವಿರಾಮ ಸರಿಯಿದೆಯೇ ಎಂದಷ್ಟೇ ನೋಡಿ ಸುಮ್ಮನಿದ್ದಳು. ಆದರೆ ಇವರು ಸತ್ತೂ ಇಲ್ಲ. ಅತ್ತೆಯವರು ಆಸೆಯಿಂದ ಪುಟ ತಿರುಗಿಸುವುದನ್ನು ನೋಡಿ ಅರ್ಜಿದಾರಳು ಅಂಚಿನಲ್ಲಿ ಉಲ್ಲೇಖ (೧)ರ ಪ್ರಶ್ನೆ ಬರೆದಿದ್ದಾಳೆ.

೫. ಕಳೆದ ಮಂಗಳವಾರ ಕಾದಂಬರಿ ಮುಗಿಯಿತು. ಅವರು ಬರಲಿಲ್ಲ. ಅತ್ತೆಯವರು ಎದ್ದು, ನಡುಮನೆಗೆ ನಡೆದು, ಮಾವನವರ ಕುರ್ಚಿಯಲ್ಲಿ ಕೂತು, ಕಡ್ಡಿ ಮುರಿದಂತೆ ಹೇಳಿದರು: "ಅವಳು ಹೊರಗೆ ಬರೋ ತನಕ ನಾನು ಒಳಗೆ ಹೋಗಲ್ಲ."

ಮಾವನವರು ಅಡುಗೆಮನೆಯ ಕಡೆ ನೋಡಿ, "ಏನೇ, ಕಾಫಿ?" ಎಂದರು.

"ಒಳಗಿದೆ. ನೀವೂ ಹೋಗಿ ನೋಡಿ, ಹೇಗಿರುತ್ತೆ ಅಂತ."

ಈಗ ಹಗಲಿನ ಅಡುಗೆ ಮಾವನವರದು, ಸಂಜೆಯದು ಅರ್ಜಿದಾರಳದು. ಉಪ್ಪು ಯಾವುದು ಸಕ್ಕರೆ ಯಾವುದು ಎಂಬ ವಿಚಾರದಲ್ಲಿ ಮಾವನವರಿಗೆ ಇನ್ನೂ ಖಚಿತತೆ ಬಂದಿಲ್ಲ. ಅರ್ಜಿದಾರಳ ಗಂಡ ತಟಸ್ಥರು. ಹಸಿವಾದಾಗ ಮಾತ್ರ ತಂದೆಯ ಪಕ್ಷ. ಮೂಲದ ಕೊನೆಯ ಹಾಳೆ ಅತ್ತೆಯವರ ಮುಷ್ಟಿಯಲ್ಲಿದೆ. ಸೋಮವಾರ ಪುಸ್ತಕ ಅಚ್ಚಿಗೆ ಹೋಗಬೇಕಾಗಿದೆ.

೬. "ಆ ಕಾಲ ಹಾಗಿತ್ತು" ಎಂಬ ತಮ್ಮ ಉತ್ತರವನ್ನು ಓದಿ ಹೇಳಲಾಯಿತು. ಅತ್ತೆಯವರ ಹೇಳಿಕೆ: "ನಾನೂ ಆ ಕಾಲದವಳೇ. ಒಳಗೆ ಹೋದೋರು ಹೊರಗೂ ಬರ್ತಿದ್ವಿ. ಬರೆಯೋರು ನಮ್ಮ ಕಡೆ ನೋಡ್ತಾ ಇರಲಿಲ್ಲ, ಅಷ್ಟೇ."

೭. ಮೂಲವನ್ನು ಮುಟ್ಟಬಾರದೆಂಬ ನಿಯಮಕ್ಕೆ ಅಪವಾದವಿದೆ. ಇದೇ ಕಾದಂಬರಿಯ ಹಿಂದಿನ ಮುದ್ರಣದಲ್ಲಿ ನಾಯಕ ಸ್ನೇಹಿತನ ಮನೆಯಲ್ಲಿ ಕೊಡೆ ಮರೆತು, ಮಾರನೆಯ ದಿನ ಅದೇ ಕೊಡೆ ಹಿಡಿದು ನಡೆದಿದ್ದ. ಓದುಗರು ಗಲಿಬಿಲಿಗೊಳ್ಳುತ್ತಾರೆಂದು "ಕೊಡೆಯನ್ನು ಮರಳಿ ತಂದನು" ಎಂಬ ವಾಕ್ಯ ಸೇರಿಸಲು ತಾವೇ ಅಪ್ಪಣೆ ಕೊಟ್ಟಿದ್ದೀರಿ. ಕೊಡೆಗೆ ದೊರೆತ ಸವಲತ್ತನ್ನು ಹೆಂಡತಿಗೂ ವಿಸ್ತರಿಸಬಾರದೇ?

೮. ಈ ಅಂಶ ಬರೆಯುವ ಮುನ್ನ ಅರ್ಜಿದಾರಳು ಒಲೆ ನೋಡಿ ಬರಲು ಒಳಗೆ ಹೋಗಿದ್ದಳು. ಒಲೆ ನೋಡಿ, ಪಾತ್ರೆ ನೋಡಿ, ನಾಳೆಗೆ ಏನಿದೆ ನೋಡಿ, ಹೊತ್ತು ಹೋದದ್ದೇ ತಿಳಿಯಲಿಲ್ಲ. ನಡುಮನೆಯಿಂದ ಅತ್ತೆಯವರು ಕೂಗಿದರು: "ಏನಮ್ಮಾ, ಎಷ್ಟನೇ ಪುಟದಲ್ಲಿದ್ದೀಯ? ಬಾ ಹೊರಗೆ!"

"ಏನು ಬೇಕಿತ್ತು ಅತ್ತೆ?"

"ಏನೂ ಬೇಡ. ಬಾ, ಕೂತ್ಕೋ."

ಏನೂ ಬೇಕಿಲ್ಲದೆ ಅರ್ಜಿದಾರಳನ್ನು ಯಾರಾದರೂ ಹೊರಗೆ ಕರೆದದ್ದು ಮದುವೆಯಾದ ಮೇಲೆ ಇದೇ ಮೊದಲು. ಸೌಟನ್ನು ಮಾವನವರ ವಶಕ್ಕೊಪ್ಪಿಸಿ ಹೊರಗೆ ಬರುವಾಗ ಆಕೆಯ ಕಣ್ಣು ತುಂಬಿತ್ತು ಎಂಬುದನ್ನು ದಾಖಲೆಗಾಗಿ ನಮೂದಿಸಲಾಗಿದೆ.

ಆದ್ದರಿಂದ, ಪುಟ ೩೫೬ರ ಕೆಳಗೆ ಅರ್ಧ ಪುಟ ಖಾಲಿ ಇರುವ ಕಾರಣ, ಈ ಒಂದು ವಾಕ್ಯ ಸೇರಿಸಲು ಅಪ್ಪಣೆ ದಯಪಾಲಿಸಬೇಕಾಗಿ ಪ್ರಾರ್ಥನೆ: "ಅಷ್ಟರಲ್ಲಿ ಆಕೆ ಒಳಗಿನಿಂದ ಬಂದು, ಕುರ್ಚಿ ಎಳೆದುಕೊಂಡು ಕುಳಿತಳು." ಅರ್ಜಿದಾರಳು ಮೊದಲು "ಬಂದು ನಿಂತಳು" ಎಂದೇ ಬರೆದಿದ್ದಳು. "ನಿಂತಿದ್ದು ಸಾಕು, ಕೂರಿಸು" ಎಂದು ಅತ್ತೆಯವರು ತಿದ್ದಿದರು.

ತಿದ್ದುಪಡಿಯಿಲ್ಲದೆ ತಮ್ಮ ವಿಶ್ವಾಸಿ,
ಕರಡಚ್ಚು ತಿದ್ದುವವಳು

ಅಡಕಗಳು:
೧. ಪುಟ ೪೩ ಮತ್ತು ೩೫೬ರ ಕರಡು.
೨. ಕೊಡೆ ಕುರಿತ ತಮ್ಮ ಅಪ್ಪಣೆಯ ನಕಲು.
೩. ಮಾವನವರು ಮಾಡಿದ ಕಾಫಿ, ಒಂದು ಸೀಸೆ (ಪರಿಶೀಲನೆಗೆ ಮಾತ್ರ, ಕುಡಿಯತಕ್ಕದ್ದಲ್ಲ).

ವಿ.ಸೂ.: ತಮ್ಮ ಉತ್ತರ ತರುವ ಜವಾನರು ಬಾಗಿಲಲ್ಲಿ ನಿಂತು "ಒಳಗೆ ಯಾರಿದ್ದೀರಮ್ಮಾ?" ಎಂದು ಕೂಗಬಾರದಾಗಿ ವಿನಂತಿ. ಒಳಗೆ ಮಾವನವರು ಒಬ್ಬರೇ ಇದ್ದಾರೆ. ಅವರಿಗೆ ಕೈ ಬಿಡುವಿಲ್ಲ.