ಓಡಿಹೋದ ಅರ್ಜಿ

ಮೂವತ್ತೊಂದು ವರ್ಷದ ಸರ್ಕಾರಿ ನೌಕರಿಯಲ್ಲಿ ಆಂಜಿನಯ್ಯನವರು ಊರವರ ಅರ್ಜಿಗಳನ್ನು ನಿಧಾನವಾಗಿ, ಗೌರವದಿಂದ, ಒಂದರ ಮೇಲೊಂದು ಪೇರಿಸಿಟ್ಟುಕೊಂಡು ಬಂದವರು. ಅವರ ಮೇಜಿಗೆ ಬಂದ ಕಾಗದ ಪಕ್ಕದ ಮೇಜಿಗೆ ಹೋಗಬೇಕಾದರೆ ಕನಿಷ್ಠ ಎರಡು ಹಬ್ಬ ಕಳೆಯಬೇಕು ಎಂದು ಕಚೇರಿಯಲ್ಲಿ ಮಾತಿತ್ತು. ಅಂಥವರು ಒಂದು ಸೋಮವಾರ ಸಂಜೆ ತಾವೇ ಅರ್ಧ ಹಾಳೆಯ ಅರ್ಜಿಯೊಂದನ್ನು ಬರೆದು ಟಪಾಲು ಟ್ರೇಯಲ್ಲಿ ಹಾಕಿ ಮನೆಗೆ ಬಂದರು. ಅನಾರೋಗ್ಯ ಹಾಗೂ ಸ್ವಂತ ಕಾರಣಗಳಿಂದ ಸ್ವಯಂ ನಿವೃತ್ತಿ ಬೇಕು ಎಂಬುದು ಅದರ ಸಾರಾಂಶ. ಅನಾರೋಗ್ಯ ಅಂಥದ್ದೇನೂ ಇರಲಿಲ್ಲ. ಸ್ವಂತ ಕಾರಣವೆಂದರೆ, ಬೆಳಿಗ್ಗೆ ಎಂಟೂವರೆಯವರೆಗೆ ಮಲಗಬೇಕೆಂಬ ಆಸೆ.

ಸರ್ವೀಸು ಇನ್ನೂ ಮೂರು ವರ್ಷ ಉಳಿದಿತ್ತು. ಕೈಗೆ ಬರುತ್ತಿದ್ದ ಸಂಬಳ ಸಾವಿರದ ಮುನ್ನೂರ ಐವತ್ತು. ಈಗ ಬಿಟ್ಟರೆ ಪೆನ್ಷನ್ ಆರುನೂರ ನಲವತ್ತು. ಮಗಳ ಮದುವೆ ಮುಗಿದು ಮನೆಯಲ್ಲಿ ಉಳಿದವರು ಗಂಡ ಹೆಂಡತಿ ಇಬ್ಬರೇ. ಅಷ್ಟರಲ್ಲಿ ಸಂಸಾರ ನಡೆಯುತ್ತದೋ ಇಲ್ಲವೋ ಎಂದು ಅವರು ಆರು ತಿಂಗಳು ತೂಗಿ ನೋಡಿದ್ದರು. ಕೊನೆಗೆ ತಕ್ಕಡಿಗೆ ಕೈ ಹಾಕಿದವನು ಅವರ ವಠಾರದಲ್ಲೇ ಇದ್ದ ವಿಮಾ ಏಜೆಂಟ್ ವರದರಾಜ. "ಅಲ್ಲಾ ಸಾರ್, ಅರ್ಧ ಸಂಬಳ ಮನೇಲಿ ಕಾಲು ಚಾಚ್ಕೊಂಡು ಕೂತ್ರೂ ಬರುತ್ತೆ. ಇನ್ನರ್ಧಕ್ಕೋಸ್ಕರ ಮೂರು ವರ್ಷ ಬಸ್ಸಲ್ಲಿ ನೇತಾಡ್ಬೇಕಾ?" ಎಂದ. ಆಂಜಿನಯ್ಯನವರಿಗೆ ಅದು ವೇದವಾಕ್ಯದಂತೆ ಕೇಳಿಸಿತು.

ಮಂಗಳವಾರ ಬೆಳಿಗ್ಗೆ ಹೆಂಡತಿ ಗಂಗರತ್ನಮ್ಮ ಕಾಫಿ ಲೋಟ ತಂದಿಟ್ಟರು. ಒಂದು ಗುಟುಕು ಕುಡಿದ ಆಂಜಿನಯ್ಯನವರು ಲೋಟದೊಳಗೆ ಇಣುಕಿದರು.

"ಏನೇ ಇದು, ತಳ ಕಾಣ್ತಿದೆಯಲ್ಲೇ!"

"ಅದು ಆರ್ನೂರ ನಲವತ್ತು ರೂಪಾಯಿ ಕಾಫಿ," ಎಂದರು ಗಂಗರತ್ನಮ್ಮ. "ಹೇಗಿದ್ರೂ ಇನ್ಮೇಲೆ ಇಷ್ಟರಲ್ಲೇ ಬದುಕ್ಬೇಕು, ಇವತ್ತಿಂದಾನೇ ಅಭ್ಯಾಸ ಮಾಡ್ಕೊಳ್ಳೋಣ. ಎರಡನೇ ಲೋಟ ಇಲ್ಲ. ಪೇಪರಿನವನಿಗೆ ಬೇಡ ಅಂದಿದೀನಿ, ವರದರಾಜ ಓದಿ ಬಿಸಾಕಿದ್ಮೇಲೆ ತಂದು ಓದಿ. ಎಲೆ ಅಡಿಕೆ ದಿನಕ್ಕೊಂದೇ ಸಲ. ಭಾನುವಾರದ ಮಸಾಲೆ ದೋಸೆ ಇನ್ನು ಯುಗಾದಿಗೆ."

"ಯುಗಾದಿ ಮೊನ್ನೆ ತಾನೇ ಆಯ್ತಲ್ಲೇ!"

"ಅದಕ್ಕೇ ಹೇಳಿದ್ದು."

ಆಂಜಿನಯ್ಯನವರು ಬಾಯಿ ತೆರೆಯುವಷ್ಟರಲ್ಲಿ ಬಾಗಿಲಲ್ಲಿ ಭಾಗೀರಥಮ್ಮ ಕಾಣಿಸಿಕೊಂಡರು. ಚಾಮರಾಜಪೇಟೆಯ ಆ ವಠಾರದ ಎಂಟು ಮನೆಗಳಿಗೂ ಆಕೆಯೇ ಹಿರಿಯಜ್ಜಿ. ನಲ್ಲಿ ಸರದಿಯಿಂದ ಹಿಡಿದು ಹೆರಿಗೆಯವರೆಗೆ ಆಕೆಯ ಮಾತೇ ಅಂತಿಮ. ಈಗ ಆಕೆಯ ಒಂದು ಕೈಯಲ್ಲಿ ಸೀಮೆಎಣ್ಣೆ ಡಬ್ಬ, ಇನ್ನೊಂದರಲ್ಲಿ ದಾರ ಕಟ್ಟಿದ ಎಂಟು ರೇಷನ್ ಕಾರ್ಡು.

"ಆಂಜಿನಯ್ಯ, ಕೆಲ್ಸ ಬಿಟ್ಯಂತೆ. ತುಂಬಾ ಒಳ್ಳೇದಾಯ್ತಪ್ಪ. ನಿನ್ನೆ ಸಾಯಂಕಾಲ ನಲ್ಲಿ ಹತ್ರ ಎಲ್ಲಾ ಸೇರಿ ಮಾತಾಡಿದ್ವಿ. ಗಂಡಸು ಮನೇಲಿ ಸುಮ್ನೆ ಕೂತ್ರೆ ಕಾಯಿಲೆ ಬರುತ್ತೆ. ಅದಕ್ಕೇ ನಿನಗೊಂದು ಟೈಮ್‌ಟೇಬಲ್ ಮಾಡಿದೀವಿ."

"ಟೈಮ್‌ಟೇಬಲ್ಲಾ?"

"ದಿನಾ ಐದೂವರೆಗೆ ಹಾಲಿನ ಕ್ಯೂ, ಎಂಟು ಮನೇದು. ವಯಸ್ಸಾದ್ಮೇಲೆ ನಿದ್ದೆ ಎಲ್ಲಿ ಬರುತ್ತೆ ಬಿಡು. ಸೋಮವಾರ ರೇಷನ್ನು. ಮಂಗಳವಾರ ಸೀಮೆಎಣ್ಣೆ, ಅಂದ್ರೆ ಇವತ್ತೇ. ಬುಧವಾರ ಕರೆಂಟ್ ಬಿಲ್ಲು. ಗುರುವಾರ ಬಸವನಗುಡಿ ಪಂಡಿತ್ರ ಹತ್ರ ನನ್ನ ಮಂಡಿ ಎಣ್ಣೆ. ಸಾಯಂಕಾಲ ನಾಲ್ಕರಿಂದ ಆರು ಹನ್ನೊಂದು ಮಕ್ಕಳಿಗೆ ಲೆಕ್ಕದ ಪಾಠ. ಭಾನುವಾರ ರಜಾ. ವರದರಾಜ ಅದೂ ಬೇಡ ಅಂದ. ನಾನೇ ಜಗಳ ಆಡಿ ಕೊಡಿಸ್ದೆ."

ಆಕೆ ಕಾರ್ಡುಗಳನ್ನೂ ಡಬ್ಬವನ್ನೂ ಆಂಜಿನಯ್ಯನವರ ಮುಂದಿಟ್ಟರು. ಕಚೇರಿಯಲ್ಲಾದರೆ ಹತ್ತರಿಂದ ಐದು, ತಲೆಯ ಮೇಲೆ ಫ್ಯಾನು, ಹೊತ್ತು ಹೊತ್ತಿಗೆ ಟೀ, ಊಟವಾದ ಮೇಲೆ ಫೈಲಿನ ಮರೆಯಲ್ಲಿ ಸೊಗಸಾದ ಜೊಂಪು. ವಿಶ್ರಾಂತಿ ಎಂಬುದು ಅಷ್ಟು ವರ್ಷ ತಮ್ಮ ಕುರ್ಚಿಯಲ್ಲೇ ಇದ್ದದ್ದು ಅವರಿಗೆ ಆಗ ಹೊಳೆಯಿತು. ಅದೂ ಪೂರ್ತಿ ಸಂಬಳದ ಜೊತೆಗೆ!

"ಗಂಗೂ, ಅಂಗಿ ಕೊಡೇ. ಆ ಅರ್ಜಿ ವಾಪಸ್ ತಗೊಂಡ್ಬಿಡ್ತೀನಿ," ಎಂದು ಎದ್ದರು.

ಬಸ್ಸಿನಲ್ಲಿ ಅವರಿಗೆ ಹೆದರಿಕೆಯೇನೂ ಇರಲಿಲ್ಲ. ತಮ್ಮ ಕಚೇರಿಯ ಸ್ವಭಾವ ತಮಗೆ ಗೊತ್ತಿಲ್ಲವೇ? ಟ್ರೇಯಲ್ಲಿ ಬಿದ್ದ ಕಾಗದ ಎರಡು ತಿಂಗಳಾದರೂ ಮಗ್ಗುಲು ಬದಲಾಯಿಸುವುದಿಲ್ಲ. ಹೋಗುವುದು, ಎತ್ತಿಕೊಳ್ಳುವುದು, ಹರಿಯುವುದು, ಅಷ್ಟೇ ಕೆಲಸ.

ಹೋಗಿ ನೋಡಿದರೆ ಟ್ರೇ ಖಾಲಿ.

ಆ ಟ್ರೇಗೆ ತಳ ಇದೆ ಎಂಬುದನ್ನೇ ಅವರು ಅವತ್ತು ಮೊದಲ ಸಲ ನೋಡಿದ್ದು. ಪಕ್ಕದಲ್ಲಿ ಅಟೆಂಡರ್ ದಾಸಪ್ಪ ಹಲ್ಲು ಕಿರಿದುಕೊಂಡು ನಿಂತಿದ್ದ.

"ಸಾರ್, ನಿಮ್ಮ ಕಾಗ್ದ ಅಂತ ಗೊತ್ತಾಗಿದ್ದೇ ತಡ, ನಿನ್ನೆ ಸಾಯಂಕಾಲಾನೇ ನಂಬರ್ ಹಾಕ್ಸಿ ಮಹಾನಂದ ಮೇಡಂ ಟೇಬಲ್ಲಿಗೆ ಕೊಟ್ಬಿಟ್ಟೆ. ಹೊರಗಿನೋರದ್ದಾದ್ರೆ ಮಾತು ಬೇರೆ. ನಮ್ಮೋರ ಕೆಲ್ಸಾನೂ ಮಾಡ್ದಿದ್ರೆ ನಾವ್ಯಾಕೆ ಇರ್ಬೇಕು?"

ಆಂಜಿನಯ್ಯನವರು ಸಿಬ್ಬಂದಿ ವಿಭಾಗದ ಮಹಾನಂದ ಅವರ ಮೇಜಿಗೆ ಓಡಿದರು. ಒಂದು ರಜಾ ಚೀಟಿಯನ್ನು ಮಂಜೂರು ಮಾಡಲು ಆರು ಸಲ ತಿರುಗಿಸುವ ಹೆಣ್ಣುಮಗಳು ಆಕೆ. ಇವರನ್ನು ಕಂಡವರೇ ಕಣ್ಣೊರೆಸಿಕೊಂಡರು.

"ಏನೂ ಯೋಚ್ನೆ ಮಾಡ್ಬೇಡಿ ಸಾರ್. ಬೆಳಿಗ್ಗೆ ಎಂಟಕ್ಕೇ ಬಂದು ಎರಡು ಪುಟ ನೋಟ್ ಹಾಕಿದೀನಿ. ಮೂರು ತಿಂಗಳ ನೋಟಿಸ್ ಕೊಡ್ಬೇಕಿತ್ತು, ಅದನ್ನೂ ಮನ್ನಾ ಮಾಡ್ಸಿದೀನಿ. ಕ್ಯಾಂಟೀನಿನಲ್ಲಿ ನಿಮ್ಮ ಬಾಕಿ ನಾಲ್ಕೂ ಎಪ್ಪತ್ತು ಇತ್ತು, ನಾನೇ ಕಟ್ಟಿದೆ."

"ಅಯ್ಯೋ! ಫೈಲೆಲ್ಲಿ ತಾಯಿ?"

"ಸಾಹೇಬ್ರಿಗೆ ಶೀತ ಅಂತ ಮಲ್ಲೇಶ್ವರದ ಮನೇಲೇ ಇದಾರೆ. ನಾಳೆವರೆಗೂ ಯಾಕೆ ಕಾಯೋದು ಅಂತ ಅಕೌಂಟ್ಸ್‌ನೋರು ಸ್ಕೂಟರ್‌ನಲ್ಲಿ ತಗೊಂಡೋಗಿ ಕೊಟ್ಟು ಬಂದ್ರು. ಸಾಯಂಕಾಲದೊಳಗೆ ಆರ್ಡರ್ ನಿಮ್ಮ ಕೈಲಿರುತ್ತೆ!"

ಒಂದು ಮೂಲೆಯಲ್ಲಿ ನಾಲ್ಕು ಜನ ಸೇರಿ ದೊಡ್ಡ ಗೋಡೆ ಗಡಿಯಾರದ ಮೇಲೆ ಬಣ್ಣದಲ್ಲಿ ಅವರ ಹೆಸರು ಬರೆಸುತ್ತಿದ್ದರು. 'ಆಂಜಿನ' ಎಂಬಲ್ಲಿಯವರೆಗೆ ಆಗಿತ್ತು. ಇಷ್ಟು ಪ್ರೀತಿ ಇವರೆಲ್ಲ ಎಲ್ಲಿ ಬಚ್ಚಿಟ್ಟಿದ್ದರೋ ಎಂದು ಆಂಜಿನಯ್ಯನವರಿಗೆ ಅಳು ಬಂತು. ಆದರೆ ಅಳುವುದಕ್ಕೂ ಪುರುಸೊತ್ತಿರಲಿಲ್ಲ.

ಮದುವೆ ದಿಬ್ಬಣ ಬಿಟ್ಟರೆ ಆಟೋ ಹತ್ತಿದವರಲ್ಲ, ಅವತ್ತು ಹತ್ತಿದರು. ಮೀಟರಿನ ಅಂಕಿ ಉರುಳಿದ ಹಾಗೆಲ್ಲ ಒಂದೊಂದು ಲೋಟ ಕಾಫಿ ಕಣ್ಣ ಮುಂದೆ ಚೆಲ್ಲಿಹೋಯಿತು. ಸಂಪಿಗೆ ರಸ್ತೆಯಲ್ಲಿ ಹೂವಿನವರು, ಹಣ್ಣಿನವರು, ಸೀರೆ ಕೊಳ್ಳುವವರು ಸೇರಿ ಆಟೋ ಬೊಂಬೆಯಂತೆ ನಿಂತುಬಿಟ್ಟಿತು. ಆಂಜಿನಯ್ಯನವರು ಇಳಿದು, ದುಡ್ಡು ಎಸೆದು, ಪಂಚೆ ಎತ್ತಿ ಕಟ್ಟಿ ಓಡಿದರು. ಹತ್ತನೇ ಕ್ರಾಸಿನಲ್ಲಿ ಚಪ್ಪಲಿಯ ಉಂಗುಷ್ಟ ಕಿತ್ತಿತು. ಹನ್ನೆರಡನೇ ಕ್ರಾಸಿನಲ್ಲಿ ಯಾರೋ, "ಹಿಡೀರಿ, ಸೌತೆಕಾಯಿ ಕದ್ದೋಡ್ತಿದಾನೆ" ಎಂದು ಕೂಗಿದರು. ಹದಿನೈದನೇ ಕ್ರಾಸಿನ ತಿರುವಿಗೆ ಬರುವಾಗ ಹಿಂದೆ ಇಬ್ಬರು ಸೌತೆಕಾಯಿಯವರೂ ಒಂದು ನಾಯಿಯೂ ಬರುತ್ತಿದ್ದವು.

ಸಾಹೇಬರಾದ ದೊಡ್ಡಬೈರಪ್ಪನವರು ನಡುಮನೆಯಲ್ಲಿ ತಲೆ ಮೇಲೆ ಕಂಬಳಿ ಹೊದ್ದು ಬಿಸಿನೀರಿನ ಹಬೆ ತೆಗೆದುಕೊಳ್ಳುತ್ತಿದ್ದರು. ಕಂಬಳಿಯಿಂದ ಬಲಗೈ ಮಾತ್ರ ಹೊರಗಿತ್ತು. ಆ ಕೈಯಲ್ಲಿ ಪೆನ್ನು, ಪೆನ್ನಿನ ಕೆಳಗೆ ಫೈಲು!

"ಸಾರ್! ಸಹಿ ಮಾಡ್ಬೇಡಿ ಸಾರ್!"

ಸಾಹೇಬರು ಬೆಚ್ಚಿ ಬಿದ್ದರು, ಪಾತ್ರೆ ಉರುಳಿತು, ಕಂಬಳಿ ಕುರ್ಚಿಗೆ ಸುತ್ತಿಕೊಂಡಿತು. ಆಂಜಿನಯ್ಯನವರು ಹಾರಿ ಫೈಲು ಎತ್ತಿಕೊಂಡು ನೋಡಿದರು. ಸಹಿ 'ದೊಡ್ಡ' ಎಂಬಲ್ಲಿಯವರೆಗೆ ಬಂದು ನಿಂತಿತ್ತು. ಅರ್ಧ ಪ್ರಾಣ ಉಳಿದಂತಾಯಿತು.

"ಏನ್ರೀ ಇದು ಆಂಜಿನಯ್ಯ? ನಿವೃತ್ತಿ ಬೇಕು ಅಂತ ಬರೆದೋರು ನೀವೇ ಅಲ್ವಾ?"

"ತಪ್ಪಾಯ್ತು ಸಾರ್. ಬೆಳಿಗ್ಗೆ ಎದ್ದಾಗ ಮನಸ್ಸು ತಡೀಲಿಲ್ಲ. ಕಚೇರಿ ಬಿಟ್ಟು ನಾನು ಹೇಗೆ ಬದುಕ್ಲಿ? ಉಸಿರಿರೋವರ್ಗೂ ಸರ್ಕಾರದ ಸೇವೆ ಮಾಡ್ತೀನಿ. ಎಲ್ಲಿ ಕೂರು ಅಂದ್ರೆ ಅಲ್ಲಿ ಕೂರ್ತೀನಿ."

ಒದ್ದೆ ಬಟ್ಟೆ, ಒಂದೇ ಚಪ್ಪಲಿ, ಹಣೆಯ ಬೆವರು, ಇದನ್ನೆಲ್ಲ ನೋಡಿ ದೊಡ್ಡಬೈರಪ್ಪನವರು ಶೀತದಿಂದಲ್ಲದೆಯೂ ಮೂಗು ಒರೆಸಿಕೊಂಡರು. ಅಷ್ಟನ್ನೂ ಒಂದು ಹಾಳೆಯಲ್ಲಿ ಬರೆಸಿಕೊಂಡು ರುಜು ಹಾಕಿಸಿದರು. ಹಳೆಯ ಅರ್ಜಿಯನ್ನು ತಮ್ಮ ಕೈಯಾರೆ ನಾಲ್ಕು ಚೂರು ಮಾಡಿದರು. ಒಳಗಿನಿಂದ ಅವರ ಹೆಂಡತಿ ದೊಡ್ಡ ಲೋಟದಲ್ಲಿ ಗಟ್ಟಿ ಕಾಫಿ ತಂದುಕೊಟ್ಟರು. ಆಂಜಿನಯ್ಯನವರು ಕಣ್ಣು ಮುಚ್ಚಿ ಕುಡಿದರು. ಬದುಕು ಮತ್ತೆ ಕೈಗೆ ಸಿಕ್ಕಿತ್ತು.

"ನಿಜ ಹೇಳ್ತೀನಿ," ಎಂದರು ಸಾಹೇಬರು, ದಿಂಬಿನ ಕೆಳಗಿನಿಂದ ಇನ್ನೊಂದು ಕಾಗದ ತೆಗೆಯುತ್ತ. "ನೀವು ನನ್ನ ದೊಡ್ಡ ತಲೆನೋವು ಕಳೆದ್ರಿ. ವರ್ಗಾವಣೆ ಪಟ್ಟಿ ಇವತ್ತೇ ಹೋಗ್ಬೇಕು. ಔರಾದಿಗೆ ಒಬ್ಬ ಅನುಭವಸ್ಥರು ಬೇಕೇ ಬೇಕು. ನಿಮ್ಮ ಹೆಸರೇ ಹಾಕಿದ್ದೆ. ನಿವೃತ್ತಿ ಅರ್ಜಿ ಬಂತು ಅಂತ ಈಗ ಬೆಳಿಗ್ಗೆ ಹೊಡೆದು ಹಾಕಿದ್ದೆ ನೋಡಿ."

"ಔರಾದು... ಅಂದ್ರೆ ಎಲ್ಲಾಯ್ತು ಸಾರ್?"

"ಬೀದರ್ ದಾಟಿ ಮುಂದೆ. ಅಲ್ಲಿಗೆ ಹೋಗು ಅಂದ್ರೆ ಎಲ್ರೂ ಅಳ್ತಾರೆ ಕಣ್ರೀ. ನೀವೊಬ್ರೇ, ಎಲ್ಲಿ ಬೇಕಾದ್ರೂ ಕೂರ್ತೀನಿ ಅಂತ ಬರ್ಕೊಟ್ಟಿರೋದು."

"ಸಾರ್, ಹಾಗಾದ್ರೆ ಆ ನಿವೃತ್ತಿನೇ..." ಎಂದು ಆಂಜಿನಯ್ಯನವರು ನೆಲದ ಮೇಲಿನ ಚೂರುಗಳನ್ನು ಜೋಡಿಸಲು ಕೂತರು.

"ಛೆ ಛೆ, ಆ ಮಾತೇ ಬೇಡ. ಮುಂದೆ ಯಾವಾಗ್ಲಾದ್ರೂ ಬೇಕು ಅನ್ಸಿದ್ರೆ ಔರಾದ್ ಕಚೇರಿ ಮೂಲಕ ಅರ್ಜಿ ಹಾಕಿ. ಅಲ್ಲಿಂದ ಇಲ್ಲಿಗೆ ಬರೋದಕ್ಕೆ ಒಂದ್ಮೂರು ವರ್ಷ ಹಿಡಿಯುತ್ತೆ ಅಷ್ಟೆ," ಎಂದು ದೊಡ್ಡಬೈರಪ್ಪನವರು ಪಟ್ಟಿಯ ಮೇಲೆ ಪೂರ್ತಿ ಸಹಿ ಹಾಕಿದರು.

ಆಂಜಿನಯ್ಯನವರು ಬರಿಗಾಲಲ್ಲಿ ವಠಾರ ಸೇರುವಾಗ ಸಂಜೆಯಾಗಿತ್ತು. ಹನ್ನೊಂದು ಮಕ್ಕಳು ಸ್ಲೇಟು ಹಿಡಿದು ಜಗಲಿಯಲ್ಲಿ ಸಾಲಾಗಿ ಕೂತಿದ್ದವು. ವಿಷಯ ತಿಳಿದ ಭಾಗೀರಥಮ್ಮ ರೇಷನ್ ಕಾರ್ಡುಗಳನ್ನು ವಾಪಸು ತೆಗೆದುಕೊಂಡು, ಕೆಟ್ಟ ಸುದ್ದಿ ಕೇಳಿದವರಂತೆ ಸೆರಗು ಬಾಯಿಗಿಟ್ಟು ಹೊರಟುಹೋದರು.

ಗಂಗರತ್ನಮ್ಮ ಮಾತ್ರ ಅಳಲಿಲ್ಲ. ಗೋಡೆಗೆ ಒರಗಿ ಕೂತು ಬೆರಳು ಮಡಿಸತೊಡಗಿದರು. ಸಾವಿರದ ಮುನ್ನೂರ ಐವತ್ತರಲ್ಲಿ ಬೆಂಗಳೂರಿನ ಭತ್ಯೆಗಳು ನಿಂತರೆ ನೂರ ಅರವತ್ತು ಖೋತಾ. ಅಲ್ಲೊಂದು ರೂಮು, ನೂರಿಪ್ಪತ್ತು. ಹೋಟೆಲ್ ಊಟ, ಮುನ್ನೂರು. ತಿಂಗಳಿಗೊಮ್ಮೆ ಮನೆಗೆ ಬಂದು ಹೋಗುವುದು, ನೂರ ಮೂವತ್ತು. ಬಟ್ಟೆ ಒಗೆಯುವವರಿಗೆ ಇಪ್ಪತ್ತೆರಡು.

"ಎಷ್ಟು ಉಳಿಯುತ್ತೆ?" ಎಂದು ಆಂಜಿನಯ್ಯನವರು ಜೀವ ಹಿಡಿದುಕೊಂಡು ಕೇಳಿದರು.

"ಆರ್ನೂರ ಹದಿನೆಂಟು. ಪೆನ್ಷನ್ ಎಷ್ಟು ಬರ್ತಿತ್ತು? ಆರ್ನೂರ ನಲವತ್ತು," ಎಂದರು ಗಂಗರತ್ನಮ್ಮ. "ಅಂದ್ರೆ ಔರಾದಿನಲ್ಲಿ ನಿಮ್ಮನ್ನ ಕೆಲ್ಸಕ್ಕೆ ಇಟ್ಕೊಳ್ಳೋದಕ್ಕೆ, ಸರ್ಕಾರಕ್ಕೆ ನಾವೇ ತಿಂಗಳಿಗೆ ಇಪ್ಪತ್ತೆರಡು ರೂಪಾಯಿ ಸಂಬಳ ಕೊಡ್ಬೇಕು."